ಹಗ್ಗ ಜಿಗಿದು ಶಾಲೆಗೆ ನಿಧಿ

ಹಗ್ಗ ಜಿಗಿತದ ನಿಧಿ ಸಂಗ್ರಹದಲ್ಲಿ ಮಕ್ಕಳು ಗೊತ್ತುಪಡಿಸಿದ ದಿನ ಶಾಲೆಯ ಅಂಗಳದಲ್ಲಿ ಸರದಿಯಂತೆ ಹಗ್ಗ ಜಿಗಿಯುತ್ತಾರೆ. ಆ ಜಿಗಿತದ ಹೆಸರಿನಲ್ಲಿ ಇಂತಿಷ್ಟು ಕೊಡುತ್ತೇವೆಂದು ಊರಿನವರು ಮೊದಲೇ ಮಾತು ಕೊಟ್ಟಿರುತ್ತಾರೆ. ಬಂದ ಹಣ ಶಾಲೆಯ ಒಂದು ನಿರ್ದಿಷ್ಟ ಕೆಲಸಕ್ಕೆ ಹೋಗುತ್ತದೆ. ಟಿಕೆಟ್ ಇಲ್ಲ, ಪೆಂಡಾಲಿನ ಖರ್ಚಿಲ್ಲ, ದೊಡ್ಡ ಮೈದಾನವೂ ಬೇಡ. ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. 1970ರ ದಶಕದ ಕೊನೆಯಲ್ಲಿ ಮಿಲ್ವಾಕಿ ನಗರದ ದೈಹಿಕ ಶಿಕ್ಷಕಿ ಜೀನ್ ಬಾರ್ಕೋ ತಮ್ಮ ವಿದ್ಯಾರ್ಥಿಗಳಿಂದ ಹಗ್ಗ ಜಿಗಿಸಿ ಹೃದಯಾರೋಗ್ಯದ ಕೆಲಸಕ್ಕೆ ಹಣ ಕೂಡಿಸಿದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನೇ ‘ಜಂಪ್ ರೋಪ್ ಫಾರ್ ಹಾರ್ಟ್’ ಎಂಬ ಹೆಸರಿನಲ್ಲಿ ಊರೂರಿನ ಶಾಲೆಗಳಿಗೆ ಒಯ್ದಿತು. 1980ರ ದಶಕದಲ್ಲಿ ಕೆನಡಾ, ಆಸ್ಟ್ರೇಲಿಯಾಗಳ ಹೃದಯ ಸಂಸ್ಥೆಗಳೂ ಅದೇ ದಾರಿ ಹಿಡಿದವು.

ಆ ಮಾದರಿಯಲ್ಲಿ ಪ್ರತಿ ಮಗುವೂ ಒಂದು ಹಾಳೆ ಹಿಡಿದು ನೆಂಟರಿಷ್ಟರಿಂದ ಹಣದ ಭರವಸೆ ಬರೆಸಿಕೊಂಡು ಬರುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಇದನ್ನು ಇದ್ದಂತೆ ಇಳಿಸಿದರೆ ಕೆಡುತ್ತದೆ. ಇಲ್ಲಿಯ ಸರ್ಕಾರಿ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಬಹಳ ಮಂದಿಯ ಪಾಲಕರು ಫರಸಿ ಖಣಿಗಳಲ್ಲಿ, ಪಾಲಿಶ್ ಯಂತ್ರಗಳಲ್ಲಿ, ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕೆಲಸದಲ್ಲಿ, ಇಲ್ಲವೇ ತೊಗರಿ ಹೊಲದ ಕೂಲಿಯಲ್ಲಿ ಇರುವವರು. ಅಂಥ ಮನೆಗೆ ಮಗು ಖಾಲಿ ಹಾಳೆ ತಂದರೆ ಅದು ಫೀಸಿನ ಇನ್ನೊಂದು ರೂಪವೇ ಆಗುತ್ತದೆ. ಆದ್ದರಿಂದ ಇಲ್ಲಿ ಕೆಲಸ ಇಬ್ಭಾಗವಾಗಬೇಕು. ಜಿಗಿಯುವುದು ಮಕ್ಕಳದು, ಹಣ ಕೇಳುವುದು, ಎಣಿಸುವುದು, ಲೆಕ್ಕ ಕೊಡುವುದು ದೊಡ್ಡವರದು. ಕೇಳಬೇಕಾದದ್ದೂ ಪಾಲಕರನ್ನಲ್ಲ, ಊರನ್ನು. ಜಾತ್ರೆಗೆ, ಗಣಪತಿಗೆ ಪಟ್ಟಿ ಎತ್ತಿ ರೂಢಿಯಿರುವ ಊರುಗಳಿಗೆ ಇದೇನೂ ಹೊಸ ವಿದ್ಯೆಯಲ್ಲ. ಹೊಸದು ಎಂದರೆ ಪಟ್ಟಿಯ ಲೆಕ್ಕವನ್ನು ಗೋಡೆಗೆ ಅಂಟಿಸುವುದು.

ಕಾಯ್ದೆ ಏನು ಹೇಳುತ್ತದೆ

ಶಿಕ್ಷಣ ಹಕ್ಕು ಕಾಯ್ದೆ 2009ರ 13ನೇ ಕಲಂ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುತ್ತದೆ. ಶಾಲೆ ಘೋಷಿಸಿದ ಶುಲ್ಕದ ಹೊರತಾಗಿ ಪಡೆಯುವ ಯಾವುದೇ ಬಗೆಯ ದೇಣಿಗೆ, ವಂತಿಗೆಯನ್ನು ಆ ಶಬ್ದದ ವ್ಯಾಖ್ಯೆಯೊಳಗೇ ಕಾಯ್ದೆ ತಂದಿದೆ. ಪ್ರವೇಶದ ಹೊತ್ತಿಗೆ ಅದನ್ನು ಪಡೆದ ಶಾಲೆಗೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಬೀಳಬಹುದು. ಹಾಗಾಗಿ ದೇಣಿಗೆಗೂ ಮಗುವಿನ ಪ್ರವೇಶ, ವರ್ಗಾವಣೆ ಪತ್ರ, ಅಂಕಪಟ್ಟಿ, ಹಾಜರಿ ಇವುಗಳಿಗೂ ದೂರದ ನಂಟೂ ಇರಕೂಡದು. ಜೂನ್ ತಿಂಗಳಲ್ಲಿ, ದಾಖಲಾತಿ ನಡೆಯುವಾಗ, ನಿಧಿಯ ಮಾತೆತ್ತದಿರುವುದು ಈ ಕಾರಣಕ್ಕೇ ಒಳ್ಳೆಯದು.

ಕಾಯ್ದೆಯಷ್ಟೇ ಮುಖ್ಯವಾದದ್ದು ಜನರ ಅನಿಸಿಕೆ. 2022ರ ಅಕ್ಟೋಬರ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದ ಎಸ್‌ಡಿಎಂಸಿಗಳು ಪಾಲಕರಿಂದ ತಿಂಗಳಿಗೆ ₹100 ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿತ್ತು. ಇಷ್ಟವಿದ್ದವರು ಮಾತ್ರ ಕೊಡಲಿ ಎಂಬ ಮಾತೂ ಅದರಲ್ಲಿತ್ತು. ಆದರೂ ವಿರೋಧ ಎಷ್ಟಾಯಿತೆಂದರೆ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಬೇಕಾಯಿತು. ‘ಇಷ್ಟವಿದ್ದವರು’ ಎಂಬ ಮಾತು ಕಾಗದದಲ್ಲಿ ಹಗುರವಾಗಿರುತ್ತದೆ. ತರಗತಿಯಲ್ಲಿ ಹೆಸರು ಕೂಗುವಾಗ ಭಾರವಾಗುತ್ತದೆ.

ಸರ್ಕಾರಿ ಶಾಲೆಯಲ್ಲಿ ಮೊದಲ ಹೆಜ್ಜೆ ಎಸ್‌ಡಿಎಂಸಿ ಸಭೆ. ಕಾರ್ಯಕ್ರಮದ ಉದ್ದೇಶ, ಬೇಕಾದ ಮೊತ್ತ, ಹಣ ಜಮೆಯಾಗುವ ಬ್ಯಾಂಕ್ ಖಾತೆ, ಲೆಕ್ಕ ನೋಡುವವರು ಈ ನಾಲ್ಕೂ ಠರಾವಿನಲ್ಲಿ ಬರಬೇಕು. ಠರಾವಿನ ಪ್ರತಿ ಸೇರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ ಬರೆದು ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ಫೋನಿನಲ್ಲಿ ಸಿಕ್ಕ ‘ಮಾಡ್ರಿ’ ಸಾಲದು. ಅನುದಾನಿತ ಮತ್ತು ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿಯ ಠರಾವು ಬೇಕು. ಧ್ವನಿವರ್ಧಕ ಹಚ್ಚುವುದಾದರೆ ಪೊಲೀಸ್ ಠಾಣೆಯ ಅನುಮತಿ ಬೇರೆ.

ಎರಡು ವಿಷಯಗಳಲ್ಲಿ ಉತ್ಸಾಹ ಅಡ್ಡದಾರಿ ಹಿಡಿಯುವುದುಂಟು. ಒಂದು, ಲಕ್ಕಿ ಡ್ರಾ. ಹತ್ತು ರೂಪಾಯಿಯ ಚೀಟಿ ಮಾರಿ ಸೈಕಲ್ ಬಹುಮಾನ ಇಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕರ್ನಾಟಕದಲ್ಲಿ ಲಾಟರಿಗೆ 2007ರಲ್ಲೇ ನಿಷೇಧ ಬಿದ್ದಿದೆ. ಶಾಲೆ ಆ ಗೋಜಿಗೆ ಹೋಗಬಾರದು. ಇನ್ನೊಂದು, ಮಕ್ಕಳ ಕೈಗೆ ಡಬ್ಬಿ ಕೊಟ್ಟು ಬಜಾರಿನಲ್ಲಿ, ಬಸ್ ನಿಲ್ದಾಣದಲ್ಲಿ, ವಾಡಿ ಜಂಕ್ಷನ್ನಿನ ಫಲಾಟಿನ ಮೇಲೆ ತಿರುಗಾಡಿಸುವುದು. ಬಾಲ ನ್ಯಾಯ ಕಾಯ್ದೆ 2015 ಮಕ್ಕಳನ್ನು ಭಿಕ್ಷೆಗೆ ಬಳಸುವುದನ್ನು ಅಪರಾಧವೆಂದು ಎಣಿಸುತ್ತದೆ. ಶಾಲೆಯ ಡಬ್ಬಿ ಅದಲ್ಲವೆಂದು ವಾದ ಮಾಡಬಹುದು, ಆದರೆ ನೋಡುವವರ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ತೋರುವುದಿಲ್ಲ. ಅಂಥ ವಾದಕ್ಕೆ ಎಡೆಯೇ ಇಲ್ಲದಿದ್ದರೆ ಲೇಸು.

ಯಾವ ಕೆಲಸಕ್ಕೆ

‘ಶಾಲೆಯ ಅಭಿವೃದ್ಧಿಗೆ’ ಎಂದು ಕೇಳಿದರೆ ಯಾರೂ ಮನಸ್ಸಿಟ್ಟು ಕೊಡುವುದಿಲ್ಲ. ‘ಗ್ರಂಥಾಲಯಕ್ಕೆ ಎರಡು ಕಪಾಟು ಮತ್ತು ಪುಸ್ತಕ’, ‘ಕುಡಿಯುವ ನೀರಿನ ಶುದ್ಧೀಕರಣ ಯಂತ್ರ’, ‘ಹೆಣ್ಣುಮಕ್ಕಳ ಖೋ-ಖೋ ತಂಡಕ್ಕೆ ಕಂಬ, ಸಮವಸ್ತ್ರ’ ಎಂದರೆ ಕೊಡುವವರಿಗೆ ಕೈಗೆ ಸಿಗುವ ಗುರಿಯಾಗುತ್ತದೆ. ಕಟ್ಟಡದ ಕೆಲಸವನ್ನು ಈ ನಿಧಿಯಿಂದ ಮಾಡಹೊರಡುವುದು ಜಾಣತನವಲ್ಲ. ಅದಕ್ಕೆ ಇಲಾಖೆಯ ತಾಂತ್ರಿಕ ಒಪ್ಪಿಗೆ, ಅಂದಾಜು ಪಟ್ಟಿ ಬೇಕು. ಕೊಠಡಿಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಕೇಳುವ ದಾರಿಯೂ ಇದೆ. ಮಂಡಳಿಯಿಂದ ಕೊಠಡಿ ಬಂದರೂ ಕೊಠಡಿಯೊಳಗಿನ ಸಣ್ಣ ಸಾಮಾನು ಬಾರದೆ ಉಳಿಯುವುದುಂಟು. ಹಗ್ಗ ಜಿಗಿತದ ನಿಧಿಗೆ ಹೇಳಿ ಮಾಡಿಸಿದ ಜಾಗ ಅದೇ.

ಗುರಿಯ ಮೊತ್ತ ನಿರ್ಧರಿಸುವ ಮುನ್ನ ಎರಡು ಮೂರು ಅಂಗಡಿಗಳಿಂದ ದರಪಟ್ಟಿ ತರಿಸಬೇಕು. ಅದರಲ್ಲಿ ಕಡಿಮೆಯದನ್ನು ಆಯ್ದು, ಕಾರ್ಯಕ್ರಮದ ಖರ್ಚು ಸೇರಿಸಿ, ಒಟ್ಟು ಮೊತ್ತವನ್ನು ಬಹಿರಂಗವಾಗಿ ಹೇಳಬೇಕು. ಖರ್ಚು ಗುರಿಯ ಹತ್ತನೇ ಒಂದು ಭಾಗ ದಾಟುವಂತಿದ್ದರೆ ಶಾಲು, ಹಾರ, ಫ್ಲೆಕ್ಸ್ ಈ ಮೂರನ್ನು ಕೈಬಿಟ್ಟು ನೋಡಬೇಕು. ಸಾಮಾನ್ಯವಾಗಿ ಅಷ್ಟಕ್ಕೇ ಲೆಕ್ಕ ಸರಿಹೋಗುತ್ತದೆ.

ಯಾರನ್ನು ಕೇಳುವುದು

ಈ ಐದು ಊರುಗಳಲ್ಲಿ ಕೊಡುವ ಕೈಗಳು ಬೇರೆ ಬೇರೆ. ಸೇಡಂನಲ್ಲಿ ಎಪಿಎಂಸಿಯ ಅಡತಿ ಅಂಗಡಿಗಳು, ಶಹಾಬಾದ ಮತ್ತು ಚಿತ್ತಾಪುರದಲ್ಲಿ ಕಲ್ಲಿನ ವ್ಯಾಪಾರಿಗಳು ಹಾಗೂ ಪಾಲಿಶ್ ಯಂತ್ರದ ಮಾಲೀಕರು, ವಾಡಿಯಲ್ಲಿ ರೈಲ್ವೆ ಮತ್ತು ಕಾರ್ಖಾನೆಯ ನೌಕರರು, ಚಿಂಚೋಳಿಯಲ್ಲಿ ಬೀಜ-ಗೊಬ್ಬರದ ಅಂಗಡಿಗಳು ಮತ್ತು ತೆಲಂಗಾಣದ ತಾಂಡೂರು ಕಡೆ ವ್ಯವಹಾರ ಇಟ್ಟುಕೊಂಡವರು. ಇವರೆಲ್ಲರಿಗಿಂತ ಹತ್ತಿರದವರು ಹಳೆಯ ವಿದ್ಯಾರ್ಥಿಗಳು. ಈ ಭಾಗದಿಂದ ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋದವರ ಸಂಖ್ಯೆ ದೊಡ್ಡದು. ಬ್ಯಾಚುವಾರು ವಾಟ್ಸ್‌ಆಪ್ ಗುಂಪುಗಳು ಈಗಾಗಲೇ ಇರುತ್ತವೆ. ದಿನಕ್ಕೆ ನೂರು ಶುಭೋದಯ ಹಾಯುವ ಆ ಗುಂಪುಗಳಿಗೆ ಒಂದು ಉಪಯುಕ್ತ ಕೆಲಸ ಸಿಕ್ಕಂತಾಗುತ್ತದೆ.

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ಎಚ್ಚರ ಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಅಮೆರಿಕದ ಅಥವಾ ಬೇರೆ ದೇಶದ ಪೌರತ್ವ ಪಡೆದವರು, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ ಆಗುತ್ತಾರೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010ರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಶಾಲೆ ಅವರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಅಂಥವರು ನೆರವಾಗಬೇಕೆಂದರೆ ಊರಿಗೆ ಬಂದಾಗ ಮಕ್ಕಳಿಗೆ ಒಂದು ದಿನ ಪಾಠ ಮಾಡಲಿ. ಅದಕ್ಕೆ ಈ ಕಾಯ್ದೆಯ ಪರವಾನಗಿ ಬೇಡ.

ಸಿಮೆಂಟ್ ಕಾರ್ಖಾನೆಗಳ ಮಾತು ಬೇರೆ. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಕೋಡ್ಲಾದ ಶ್ರೀ ಸಿಮೆಂಟ್, ಇಟಗಾದ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಚೆಟ್ಟಿನಾಡ್ ಹೀಗೆ ಸುಣ್ಣದ ಕಲ್ಲಿನ ಈ ಪಟ್ಟಿಯುದ್ದಕ್ಕೂ ಕಾರ್ಖಾನೆಗಳಿವೆ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಕಾರ್ಖಾನೆ ಇರುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಎಂದೂ ಕಾಯ್ದೆಯಲ್ಲೇ ಇದೆ. ಆದರೆ ಶಾಲೆಗಳು ಇಲ್ಲಿ ತಪ್ಪು ಅರ್ಜಿ ಹಾಕುತ್ತವೆ. ‘ನಮ್ಮ ಹಗ್ಗ ಜಿಗಿತದ ಕಾರ್ಯಕ್ರಮಕ್ಕೆ ಪ್ರಾಯೋಜಕರಾಗಿ’ ಎಂದು ಸಿಎಸ್‌ಆರ್ ವಿಭಾಗಕ್ಕೆ ಬರೆದರೆ ಉತ್ತರ ಬಾರದಿರುವುದೇ ಸಹಜ. ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ದಿನದ ಕಾರ್ಯಕ್ರಮಗಳ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲವೆಂದು ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯ 2014ರ ಜೂನ್ ತಿಂಗಳ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿದೆ. ಆದರೆ ಶಿಕ್ಷಣ ಮತ್ತು ಗ್ರಾಮೀಣ ಕ್ರೀಡೆಗಳ ತರಬೇತಿ ಕಾಯ್ದೆಯ 7ನೇ ಅನುಸೂಚಿಯಲ್ಲಿವೆ. ಹಾಗಾಗಿ ಅರ್ಜಿ ಹೀಗಿರಬೇಕು: ಶೌಚಾಲಯದ ದುರಸ್ತಿ ಅಥವಾ ವರ್ಷವಿಡೀ ನಡೆಯುವ ಕ್ರೀಡಾ ತರಬೇತಿಯನ್ನು ಕಂಪನಿ ವಹಿಸಿಕೊಳ್ಳಲಿ, ಊರು ತನ್ನ ಪಾಲಾಗಿ ಹಗ್ಗ ಜಿಗಿತದಿಂದ ಇಷ್ಟು ಕೂಡಿಸಿದೆ. ಊರು ಮೊದಲು ಕೈ ಹಾಕಿದೆ ಎಂಬುದಕ್ಕೆ ಪುರಾವೆ ಜೊತೆಗಿದ್ದಾಗ ಅರ್ಜಿಯ ತೂಕ ಹೆಚ್ಚುತ್ತದೆ. ಅರ್ಜಿಯನ್ನು ಹೊಸ ಆರ್ಥಿಕ ವರ್ಷದ ಯೋಜನೆ ತಯಾರಾಗುವ ಮೊದಲು, ಅಂದರೆ ಜನವರಿ-ಫೆಬ್ರುವರಿಯಲ್ಲಿ ಕೊಡುವುದು ಸರಿ. ಕಾರ್ಖಾನೆಯ ನೌಕರರು ಸ್ವಂತ ಕಿಸೆಯಿಂದ ಕೊಡುವುದಕ್ಕೆ ಈ ಯಾವ ನಿಯಮವೂ ಅಡ್ಡಬರುವುದಿಲ್ಲ.

ಗುಟ್ಕಾ, ತಂಬಾಕಿನವರ ಹಣ ಮತ್ತು ಹೆಸರು ಎರಡೂ ಬೇಡ. ಕುರುಕಲು ತಿಂಡಿ, ತಂಪು ಪಾನೀಯದ ಕಂಪನಿಗಳ ಬ್ಯಾನರ್ ಕೂಡ ಸಲ್ಲದು: ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಜಾಹೀರಾತು ಮತ್ತು ಮಾರಾಟವನ್ನು ಶಾಲೆಯಲ್ಲೂ ಅದರ ಸುತ್ತ 50 ಮೀಟರಿನೊಳಗೂ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ತಡೆಯುತ್ತವೆ.

ಜಿಗಿತಕ್ಕೆ ಒಂದು ದಿನ, ಹಣಕ್ಕೆ ಇನ್ನೊಂದು

ತಾರೀಖು ಗೊತ್ತುಮಾಡುವುದು ಈ ಸೀಮೆಯಲ್ಲಿ ಕಷ್ಟದ ಕೆಲಸ. ಮಾರ್ಚ್ ಬಂತೆಂದರೆ ಬಿಸಿಲು ನೆತ್ತಿಗೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಎರೆ ನೆಲದ ಅಂಗಳದಲ್ಲಿ ಕಾಲಿಟ್ಟರೆ ಚಪ್ಪಲಿ ಉಳಿದು ಕಾಲು ಮಾತ್ರ ಮೇಲೇಳುತ್ತದೆ. ಅಕ್ಟೋಬರ್‌ನಲ್ಲಿ ದಸರಾ ರಜೆ. ಡಿಸೆಂಬರ್-ಜನವರಿಯಲ್ಲಿ ಎಳ್ಳಮಾವಾಸೆ ಬರುತ್ತದೆ. ಚರಗ ಚೆಲ್ಲಲು ಹೊಲಕ್ಕೆ ಹೋದ ಊರಿನಲ್ಲಿ ಅಂದು ನೋಡಲೂ ಜನರಿರುವುದಿಲ್ಲ. ಆಮೇಲೆ ತೊಗರಿ ರಾಶಿ, ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ. ಹೀಗೆ ಸೋಸಿದರೆ ಉಳಿಯುವುದು ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ ಡಿಸೆಂಬರ್ ಮೊದಲ ವಾರದವರೆಗಿನ ಅವಧಿ. ಅದರಲ್ಲೂ ಶನಿವಾರ: ಬೆಳಗಿನ ಶಾಲೆ ಇರುವುದರಿಂದ ಪಾಠ ಕೆಡುವುದಿಲ್ಲ, ಬಿಸಿಲೇರುವ ಮೊದಲೇ ಮುಗಿಯುತ್ತದೆ.

ಲಂಬಾಣಿ ತಾಂಡಾಗಳ ಶಾಲೆಗಳಿಗೆ ಈ ಲೆಕ್ಕ ಹೊಂದದು. ಚಿಂಚೋಳಿ, ಚಿತ್ತಾಪುರ ಭಾಗದ ತಾಂಡಾಗಳಿಂದ ದೀಪಾವಳಿ ಮುಗಿದೊಡನೆ ಮುಂಬೈ, ಪುಣೆ, ಹೈದರಾಬಾದ್ ಕಡೆ ಗುಳೆ ಹೋಗುವ ಕುಟುಂಬಗಳು ಮಕ್ಕಳನ್ನೂ ಕರೆದೊಯ್ಯುತ್ತವೆ. ಅಂಥ ಶಾಲೆಯಲ್ಲಿ ದಸರಾಕ್ಕೆ ಮೊದಲು, ಕಲ್ಯಾಣ ಕರ್ನಾಟಕ ಉತ್ಸವ ನಡೆಯುವ ಸೆಪ್ಟೆಂಬರ್ 17ರ ಆಸುಪಾಸಿನಲ್ಲಿ, ಮಳೆ ಬಿಡುವು ಕೊಟ್ಟ ದಿನ ನಡೆಸುವುದೇ ಮೇಲು. ಮಳೆ ಬಂದರೆ ಮುಂದಿನ ಶನಿವಾರ ಎಂದು ಮೊದಲೇ ಸಾರಿಬಿಟ್ಟಿರಬೇಕು.

ಹಣದ ದಿನ ಬೇರೆಯಾಗಿರಬೇಕು. ನವೆಂಬರ್‌ನಲ್ಲಿ ತೊಗರಿ ಇನ್ನೂ ಹೊಲದಲ್ಲಿ ಹೂವು-ಕಾಯಿಯಾಗಿ ನಿಂತಿರುತ್ತದೆ. ರೈತನ ಕೈಯಲ್ಲಿ ರೊಕ್ಕ ಇರುವುದಿಲ್ಲ. ಜಿಗಿತದ ದಿನಕ್ಕೆ ಮೊದಲೇ ಮಾತು ಬರೆಸಿಕೊಂಡು, ‘ತೊಗರಿ ಮಾರಿದ ಮೇಲೆ ಕೊಡಿ’ ಎಂದು ಜನವರಿ ಕೊನೆಯವರೆಗೆ ವಾಯಿದೆ ಇಟ್ಟರೆ ಕೊಡುವವರ ಸಂಖ್ಯೆಯೂ ಮೊತ್ತವೂ ಹೆಚ್ಚಾಗುತ್ತವೆ. ಅಂಗಡಿಕಾರರು, ನೌಕರರು ಅಂದೇ ಕೊಡಬಹುದು. ಕಾಳಿನ ರೂಪದಲ್ಲಿ ಕೊಡುವವರಿಗೂ ದಾರಿ ಇರಲಿ: ಎರಡು ಸೇರು ತೊಗರಿ, ಒಂದು ಪುಟ್ಟಿ ಜೋಳ ಬಂದರೆ ಎಲ್ಲವನ್ನೂ ಕೂಡಿಸಿ ಜನರೆದುರು ಸವಾಲು ಕೂಗಿ ಬಂದ ಹಣಕ್ಕೆ ರಸೀದಿ ಬರೆಯಬೇಕು. ಗಣಪತಿಯ ತೆಂಗಿನಕಾಯಿ ಸವಾಲು ಕೂಗಿ ಪಳಗಿದವರು ಪ್ರತಿ ಓಣಿಯಲ್ಲೂ ಇದ್ದಾರೆ.

ಇಷ್ಟು ಜಿಗಿತಕ್ಕೆ ಇಷ್ಟು ರೂಪಾಯಿ ಎಂಬ ಕ್ರಮ ಕೇಳಲು ಚೆನ್ನ, ನಡೆಸಲು ತೊಡಕು. ಎಣಿಕೆಯ ಜಗಳ ಶುರುವಾಗುತ್ತದೆ, ಮಕ್ಕಳು ಸುಸ್ತಾದರೂ ನಿಲ್ಲಿಸುವುದಿಲ್ಲ, ಕೊನೆಗೆ ಲೆಕ್ಕ ನೋಡಿ ದಾನಿಯ ಮುಖ ಸಪ್ಪಗಾಗುತ್ತದೆ. ಜಿಗಿತ ಎಷ್ಟೇ ಆಗಲಿ, ಮಾತು ಕೊಟ್ಟದ್ದು ನಿಗದಿತ ಮೊತ್ತ ಎಂಬುದೇ ಸರಿಯಾದ ಕ್ರಮ. ಆ ಮೊತ್ತವೂ ಯಾವುದೇ ಮಗುವಿನ ಹೆಸರಿಗಲ್ಲ, ತರಗತಿಯ ಅಥವಾ ಇಡೀ ಶಾಲೆಯ ಹೆಸರಿಗೆ ಬರಬೇಕು. ‘ಅತಿ ಹೆಚ್ಚು ಹಣ ತಂದ ವಿದ್ಯಾರ್ಥಿ’ ಎಂಬ ಬಹುಮಾನವನ್ನು ಯಾವ ಕಾರಣಕ್ಕೂ ಇಡಬಾರದು. ಅದನ್ನು ಗೆಲ್ಲುವುದು ಮಗುವಲ್ಲ, ಅಪ್ಪನ ಅಂಗಡಿ.

ನೆಲ, ಹಗ್ಗ, ಕಾಲು

ಶಹಾಬಾದ ಕಲ್ಲಿನ ನಾಡಿನಲ್ಲಿ ಶಾಲೆಯ ಪಡಸಾಲೆ, ಅಂಗಳ ಎಲ್ಲವೂ ಫರಸಿಯೇ. ಸಮತಟ್ಟಾಗಿ, ನುಣುಪಾಗಿ ಕಾಣುವ ಆ ಹಾಸು ಹಗ್ಗ ಜಿಗಿಯಲು ಮಾತ್ರ ಒಳ್ಳೆಯದಲ್ಲ. ಕಲ್ಲು ಒಂದಿಷ್ಟೂ ಬಾಗದು. ಪ್ರತಿ ಜಿಗಿತದ ಪೆಟ್ಟು ಮೊಣಕಾಲ ಕೆಳಗಿನ ಎಲುಬಿಗೇ ಬೀಳುತ್ತದೆ. ಒದ್ದೆಯಾದರೆ ಜಾರುತ್ತದೆ, ಹತ್ತು ಗಂಟೆಯ ನಂತರ ಬರಿಗಾಲು ಸುಡುತ್ತದೆ. ಅನಿವಾರ್ಯವಾದರೆ ದಪ್ಪ ಜಮಖಾನೆ ಇಲ್ಲವೇ ರಬ್ಬರ್ ಹಾಸು ಹಾಸಿ, ಅಂಚು ಮಡಚಿಕೊಳ್ಳದಂತೆ ಬಿಗಿ ಮಾಡಬೇಕು. ಎಲ್ಲಕ್ಕಿಂತ ಉತ್ತಮ ಗಟ್ಟಿಯಾಗಿ ಕೂತ ಮಣ್ಣಿನ ನೆಲ. ಚಿಂಚೋಳಿ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಇದಕ್ಕೆ ತಕ್ಕದ್ದು. ಸೇಡಂ, ಚಿತ್ತಾಪುರದ ಎರೆ ನೆಲ ಒಣಗಿದಾಗ ಬಿರುಕು ಬಿಡುವುದರಿಂದ ಅಲ್ಲಿ ಮೊರಂ ಹರಡಿ, ಹಿಂದಿನ ಸಂಜೆ ನೀರು ಚಿಮುಕಿಸಿ, ರೋಲರ್ ಎಳೆಯಬೇಕು. ನೀರು ಚಿಮುಕಿಸುವುದರಿಂದ ಧೂಳೂ ಅಡಗುತ್ತದೆ; ಖಣಿ ಮತ್ತು ಕಾರ್ಖಾನೆಗಳ ಸಮೀಪದ ಶಾಲೆಗಳಲ್ಲಿ ಇದನ್ನು ಮರೆಯುವಂತಿಲ್ಲ. ಪ್ರತಿ ಮಗುವಿಗೆ ಸುತ್ತ ಎರಡು ಮೀಟರ್ ಜಾಗ ಬಿಟ್ಟು ಸುಣ್ಣದಿಂದ ಗುರುತು ಹಾಕಬೇಕು.

ಹಗ್ಗವನ್ನು ಕೊಳ್ಳಲು ಪಟ್ಟಣಕ್ಕೆ ಓಡಬೇಕಾಗಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್ ಅಥವಾ ಹತ್ತಿ ಹಗ್ಗ ಸಾಕು. 100 ಮೀಟರಿನ ಒಂದು ಸುರುಳಿಯಲ್ಲಿ ಎರಡೂವರೆ ಮೀಟರಿನ 40 ಹಗ್ಗ ಆಗುತ್ತವೆ. 180 ಮಕ್ಕಳ ಶಾಲೆಯಲ್ಲಿ 60 ಮಕ್ಕಳ ಮೂರು ತಂಡ ಮಾಡಿದರೆ ಎರಡು ಸುರುಳಿಯಲ್ಲಿ 60 ಹಗ್ಗ ಬಳಕೆಗೆ, 20 ಹೆಚ್ಚುವರಿಗೆ ಸಿಗುತ್ತವೆ. ತುದಿಗಳಿಗೆ ಗಂಟು ಹಾಕಿ ಬಟ್ಟೆ ಸುತ್ತಿದರೆ ಹಿಡಿಕೆ ಸಿದ್ಧ. ತೆಂಗಿನ ನಾರಿನ ಹಗ್ಗ ಕೈ ಕೆರೆಯುತ್ತದೆ. ತಂತಿಯ ಹಗ್ಗ ತಾಗಿದರೆ ಬಾಸುಂಡೆ ಏಳುತ್ತದೆ, ಮಕ್ಕಳಿಗೆ ಸಲ್ಲದು. ಉದ್ದ ನೋಡುವ ಬಗೆ ಸುಲಭ: ಹಗ್ಗದ ನಡುವೆ ಒಂದು ಕಾಲಿಟ್ಟು ಎರಡೂ ತುದಿ ಮೇಲಕ್ಕೆಳೆದರೆ ಅವು ಕಂಕುಳ ಮಟ್ಟಕ್ಕೆ ಬರಬೇಕು. ಹೆಚ್ಚಾದರೆ ಗಂಟು ಮೇಲೇರಿಸಿದರಾಯಿತು. ಇಬ್ಬರು ಬೀಸಿ ನಡುವೆ ನಾಲ್ಕಾರು ಮಂದಿ ಜಿಗಿಯುವ ಉದ್ದ ಹಗ್ಗಕ್ಕೆ 5 ಮೀಟರ್ ಬೇಕು.

ಅಭ್ಯಾಸ ಮೂರು ನಾಲ್ಕು ವಾರ ಮೊದಲೇ ಶುರುವಾಗಬೇಕು, ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲು ಹಗ್ಗವಿಲ್ಲದೆ ತಾಳಕ್ಕೆ ಜಿಗಿಯುವುದು, ಆಮೇಲೆ ಹಗ್ಗವನ್ನು ಒಂದೇ ಕೈಯಲ್ಲಿ ಬದಿಯಲ್ಲಿ ತಿರುಗಿಸುವುದು, ಕೊನೆಗೆ ಎರಡನ್ನೂ ಕೂಡಿಸುವುದು. ಮೊಣಕೈ ಮೈಗೆ ಹತ್ತಿರವಿರಬೇಕು, ತಿರುಗುವುದು ಮಣಿಕಟ್ಟು ಮಾತ್ರ. ಇಳಿಯುವುದು ಹಿಮ್ಮಡಿಯ ಮೇಲಲ್ಲ, ಮುಂಗಾಲಿನ ಮೇಲೆ. ನೆಲದಿಂದ ಎರಡು ಬೆರಳು ಎತ್ತರ ಎದ್ದರೆ ಸಾಕು. ಒಂದು-ಎರಡನೇ ತರಗತಿಯ ಮಕ್ಕಳಿಗೆ ಕೈ-ಕಾಲಿನ ಹೊಂದಾಣಿಕೆ ಇನ್ನೂ ಬಂದಿರುವುದಿಲ್ಲ. ಅವರಿಗೆ ಹಗ್ಗವನ್ನು ನೆಲದ ಮೇಲೆ ಹಾವಿನಂತೆ ಆಡಿಸಿ ದಾಟಿಸಿದರೆ ಅದೇ ಹಬ್ಬ. ತಾಳಕ್ಕೆ ಸಿನಿಮಾ ಹಾಡಿನ ಪೆಟ್ಟಿಗೆಗಿಂತ ಹಲಗೆ ಉತ್ತಮ: ಬಡಿಯುವವನು ಮಕ್ಕಳ ಉಸಿರು ನೋಡಿ ಗತಿ ಇಳಿಸಬಲ್ಲ.

ಹೆಣ್ಣುಮಕ್ಕಳ ಓಢಣಿ, ತಲೆವಸ್ತ್ರ ಹಗ್ಗಕ್ಕೆ ಸಿಕ್ಕದಂತೆ ಪಿನ್ನು ಹಾಕಿ ಸೊಂಟಕ್ಕೆ ಬಿಗಿದಿರಬೇಕು. ಸರ್ಕಾರ ಕೊಟ್ಟ ಶೂ ಕಾಲಿಗೆ ಸರಿಹೊಂದಿದರೆ ಹಾಕಿಕೊಳ್ಳಲಿ. ಸಡಿಲವಾದ ಶೂಗಿಂತ ಮಣ್ಣಿನ ಮೇಲೆ ಬರಿಗಾಲೇ ವಾಸಿ. ಗಾಲಿಕುರ್ಚಿಯ ಮಗು, ಜಿಗಿಯಲಾಗದ ಮಗು ಉದ್ದ ಹಗ್ಗ ಬೀಸುವ, ಎಣಿಸುವ, ಹಲಗೆ ಬಡಿಯುವ ಕೆಲಸದಲ್ಲಿರಬೇಕು, ಮೂಲೆಯ ಬೆಂಚಿನಲ್ಲಲ್ಲ.

ಆರೋಗ್ಯದ ಎಚ್ಚರ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಾಖಲೆ ತೆರೆದು ಹೃದಯದ ತೊಂದರೆ, ಉಬ್ಬಸ, ಮೂರ್ಛೆರೋಗ, ತೀವ್ರ ರಕ್ತಹೀನತೆ ಇರುವ ಮಕ್ಕಳ ಪಟ್ಟಿ ಮಾಡಿ, ವೈದ್ಯರ ಮಾತಿಲ್ಲದೆ ಅವರನ್ನು ಜಿಗಿಸಬಾರದು. ರಕ್ತಹೀನತೆ ಇಲ್ಲಿ ಹೆಸರಿಗೆ ಬರೆಯುವ ಕಾಯಿಲೆಯಲ್ಲ. ಶಾಲೆಯಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಕಲಬುರಗಿ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲೇ ಮೊದಲು ಆರಂಭವಾದದ್ದು ಅಪೌಷ್ಟಿಕತೆಯ ಕಾರಣಕ್ಕೆ. ಬೆಳಗಿನ ಶಾಲೆಗೆ ಬರಿಹೊಟ್ಟೆಯಲ್ಲಿ ಬರುವ ಮಕ್ಕಳಿರುತ್ತಾರೆ. ಜಿಗಿಯುವ ಒಂದು ತಾಸು ಮೊದಲು ಎಲ್ಲರಿಗೂ ಬಾಳೆಹಣ್ಣು ಮತ್ತು ಶೇಂಗಾ ಚಿಕ್ಕಿ ಕೊಡುವುದನ್ನು ಖರ್ಚಿನ ಮೊದಲ ಬಾಬ್ತಾಗಿ ಬರೆಯಬೇಕು. ಬಿಸಿಯೂಟದ ಬೆನ್ನಿಗೆ ಜಿಗಿಸಕೂಡದು.

ನೆರಳಿನಲ್ಲಿ ಕುಡಿಯುವ ನೀರು, ಪಕ್ಕದಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಅಳೆದು ಕಲಸಬಹುದು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ದಿನ ತಿಳಿಸಿ ಒಬ್ಬ ಸಿಬ್ಬಂದಿಯನ್ನು ಕಳಿಸಲು ಕೇಳಬೇಕು. ಎದೆನೋವು, ತಲೆಸುತ್ತು ಎಂದ ಮಗು ಆ ದಿನ ಮತ್ತೆ ಜಿಗಿಯುವಂತಿಲ್ಲ. ಗಂಭೀರವೆನಿಸಿದರೆ 108ಕ್ಕೆ ಕರೆ.

ಜಿಗಿತದ ಬೆಳಗು

ಏಳೂವರೆಗೆ ಪ್ರಾರ್ಥನೆ, ಹತ್ತು ನಿಮಿಷ ಮೈ ಸಡಿಲಿಸುವುದು, ಎಂಟಕ್ಕೆ ಮೊದಲ ತಂಡ. ಮೂವತ್ತು ಸೆಕೆಂಡ್ ಜಿಗಿತ, ಮೂವತ್ತು ಸೆಕೆಂಡ್ ವಿರಾಮ, ಹೀಗೆ ಐದು ಸುತ್ತಾದ ಮೇಲೆ ತಂಡ ಬದಲು. ಎಡವಿದ ಮಗು ಮತ್ತೆ ಶುರುಮಾಡಬಹುದು, ಔಟ್ ಎಂಬುದಿಲ್ಲ. ಎರಡು ತಾಸಿನಲ್ಲಿ ಪ್ರತಿ ತಂಡಕ್ಕೂ ಎರಡು ಮೂರು ಸರದಿ ಆರಾಮವಾಗಿ ಸಿಗುತ್ತದೆ. ನಡುವೆ ಶಿಕ್ಷಕರ ಒಂದು ಸುತ್ತು ಇಟ್ಟರೆ ಮಕ್ಕಳ ಕೇಕೆಗೆ ಧ್ವನಿವರ್ಧಕವೇ ಬೇಡ. ಕೊನೆಗೆ ಉದ್ದ ಹಗ್ಗದಲ್ಲಿ ಎಸ್‌ಡಿಎಂಸಿ ಸದಸ್ಯರು, ಅಜ್ಜಿಯಂದಿರು, ಹಳೆಯ ವಿದ್ಯಾರ್ಥಿಗಳು. ತಮ್ಮ ಕಾಲದಲ್ಲಿ ಓಣಿಗೇ ಹೆಸರಾಗಿದ್ದ ಹೆಂಗಸರು ಇಲ್ಲಿ ಮುಂದೆ ಬರುತ್ತಾರೆ. ಸ್ತ್ರೀಶಕ್ತಿ ಸಂಘದವರಿಗೆ ರೊಟ್ಟಿ, ಶೇಂಗಾ ಹಿಂಡಿಯ ಅಂಗಡಿ ಇಡಲು ಜಾಗ ಕೊಟ್ಟು ಲಾಭದ ಒಂದು ಪಾಲು ನಿಧಿಗೆ ಕೇಳಬಹುದು. ಭಾಷಣ ಒಂದೇ ಇರಲಿ, ಅದೂ ಜಿಗಿತ ಮುಗಿದ ಮೇಲೆ. ಬಿಸಿಲಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗಣ್ಯರ ದಾರಿ ಕಾಯಿಸುವ ಪದ್ಧತಿಗೆ ಇಲ್ಲಿ ಜಾಗವಿಲ್ಲ.

ಕರಪತ್ರ ಕನ್ನಡದ ಜೊತೆ ಉರ್ದುವಿನಲ್ಲೂ ಇರಬೇಕು. ಶಹಾಬಾದ, ವಾಡಿ, ಚಿತ್ತಾಪುರದಲ್ಲಿ ಅದಿಲ್ಲದೆ ಅರ್ಧ ಬಜಾರು ಬಿಟ್ಟುಹೋಗುತ್ತದೆ. ಗಡಿಯ ಹಳ್ಳಿಗಳಲ್ಲಿ ತೆಲುಗೂ ಬೇಕಾದೀತು. ಮಕ್ಕಳ ಫೋಟೊ, ವಿಡಿಯೊ ಹಂಚುವ ಮೊದಲು ಪಾಲಕರ ಒಪ್ಪಿಗೆ ಪಡೆಯಬೇಕು. ಹೆಸರು, ವಿಳಾಸದೊಂದಿಗೆ ಹಾಕಬಾರದು.

ರೊಕ್ಕದ ಲೆಕ್ಕ

ಹಣ ಬರುವ ದಾರಿ ಎರಡೇ ಇರಬೇಕು: ನಂಬರು ಹಾಕಿದ ರಸೀದಿ ಪುಸ್ತಕ ಮತ್ತು ಶಾಲೆಯ ಖಾತೆಗೆ ಜೋಡಿಸಿದ ಕ್ಯೂಆರ್ ಕೋಡ್. ಶಿಕ್ಷಕರ ಅಥವಾ ಅಧ್ಯಕ್ಷರ ಸ್ವಂತ ಫೋನ್‌ಪೇ ನಂಬರಿಗೆ ಹಣ ಹಾಕಿಸಿಕೊಳ್ಳುವುದು ಎಷ್ಟೇ ಪ್ರಾಮಾಣಿಕರಿದ್ದರೂ ಅನುಮಾನಕ್ಕೆ ಬಾಗಿಲು ತೆರೆಯುತ್ತದೆ. ಖಾತೆ ಜಂಟಿ ಸಹಿಯದಾಗಿರಲಿ, ಮುಖ್ಯ ಶಿಕ್ಷಕರದೊಂದು, ಎಸ್‌ಡಿಎಂಸಿ ಅಧ್ಯಕ್ಷರದೊಂದು. ನಗದನ್ನು ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಿ, ಬ್ಯಾಂಕ್ ತೆರೆದ ಮೊದಲ ದಿನವೇ ಕಟ್ಟಬೇಕು. ಬಂದ ನಗದಿನಿಂದಲೇ ಖರ್ಚು ಮಾಡಿ ಉಳಿದದ್ದನ್ನು ಕಟ್ಟುವ ರೂಢಿ ಲೆಕ್ಕವನ್ನು ಹಾಳುಮಾಡುತ್ತದೆ. ಹಾಳಾದ ರಸೀದಿಯನ್ನೂ ಹರಿಯದೆ, ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಇಡಬೇಕು. ಶಾಲೆ ನಡೆಸುವ ಟ್ರಸ್ಟಿಗೆ 80ಜಿ ಮಾನ್ಯತೆ ಇದ್ದರೆ ಮಾತ್ರ ದಾನಿಗೆ ತೆರಿಗೆ ವಿನಾಯಿತಿಯ ಮಾತು ಹೇಳಬೇಕು. ಅಲ್ಲಿಯೂ ₹2,000 ಮೀರಿದ ನಗದು ದೇಣಿಗೆಗೆ ಅದು ಸಿಗದು.

ಮಾತು ಕೊಟ್ಟವರ ಪಟ್ಟಿಯನ್ನು ಒಂದು ವಹಿಯಲ್ಲಿ ಬರೆದು, ಸಂಕ್ರಾಂತಿಯ ನಂತರ ಎಸ್‌ಡಿಎಂಸಿಯ ಇಬ್ಬರು ಸದಸ್ಯರು ಮನೆ-ಅಂಗಡಿಗೆ ಹೋಗಿ ಒಮ್ಮೆ ನೆನಪಿಸಬಹುದು. ಎರಡನೇ ಸಲ ಕೇಳಬಾರದು. ಬೆಳೆ ಕೆಟ್ಟ ವರ್ಷ ಮಾತು ತಪ್ಪುವುದು ಅಪರಾಧವಲ್ಲ, ಬಾಕಿದಾರರ ಹೆಸರನ್ನು ಬೋರ್ಡಿನಲ್ಲಿ ಬರೆಯುವುದು ಅಪರಾಧ.

ಫೆಬ್ರುವರಿ ಮೊದಲ ವಾರ ಶಾಲೆಯ ಗೇಟಿನ ಪಕ್ಕದ ಗೋಡೆಯಲ್ಲಿ ಒಂದು ಹಾಳೆ ಕಾಣಬೇಕು: ಒಟ್ಟು ಬಂದದ್ದು, ಖರ್ಚಾದದ್ದು, ಉಳಿದದ್ದು, ಕೊಂಡ ಸಾಮಾನು, ಅಂಗಡಿಯ ಹೆಸರು, ಬಿಲ್ಲಿನ ನಂಬರು. ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಒಂದು ಪ್ರತಿ ಹಳೆಯ ವಿದ್ಯಾರ್ಥಿಗಳ ಗುಂಪಿಗೆ. ಕೊಂಡ ವಸ್ತು ಶಾಲೆಯ ದಾಸ್ತಾನು ವಹಿಗೆ ಏರಬೇಕು. ಗುರಿ ಮುಟ್ಟದಿದ್ದರೆ ಎರಡು ಕಪಾಟಿನ ಬದಲು ಒಂದನ್ನು ಕೊಂಡು ಹಾಗೆಂದೇ ಬರೆಯುವುದು ಸರಿ; ಉಳಿದ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವುದಾದರೆ ಮತ್ತೊಂದು ಠರಾವು ಬೇಕು. ಹಗ್ಗಗಳನ್ನು ಒಗೆದು, ಒಣಗಿಸಿ, ಸುತ್ತಿ, ಇಲಿ ತಾಗದ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ವರ್ಷ ಆ ಖರ್ಚಿಲ್ಲ. ಪಕ್ಕದ ಊರಿನ ಶಾಲೆ ಕೇಳಿದರೆ ದಾಸ್ತಾನು ವಹಿಯಲ್ಲಿ ಬರೆದು, ಸಹಿ ಪಡೆದು ಕೊಡಬಹುದು.